ಇಪ್ಪತ್ಮೂರು ಒಪ್ಪಿಗೆ ಪತ್ರ

ಹನ್ನೊಂದು ತಿಂಗಳ ಮೇಲೆ ಬೀಗ ತೆಗೆದೆ.
ಆರನೇ ತರಗತಿಯ ಕರಿಹಲಗೆಯಲ್ಲಿ
ಮಾರ್ಚಿ ಹದಿಮೂರು ಹಾಗೇ ಕೂತಿತ್ತು,
ಹಾಜರು ಹನ್ನೊಂದು, ಗೈರು ಒಂದು.
ಆ ಒಂದು ಯಾರೆಂದು ನೆನಪಾಗಲಿಲ್ಲ.

ಸುತ್ತೋಲೆ ಒಂಬತ್ತು ಪುಟ.
ಬೆಂಚಿಗೊಬ್ಬರು. ಕಿಟಕಿ ತೆರೆದಿರಲಿ. ನೀರು ಮನೆಯಿಂದ.
ಬಿಸಿಯೂಟ ಇಲ್ಲ.
ನಮ್ಮಲ್ಲಿ ಬೆಂಚೇ ಇಲ್ಲ, ಚಾಪೆ.
ಅಳತೆ ಟೇಪು ಇಲಿ ಕಡಿದಿತ್ತು.
ಗುತ್ಯಮ್ಮನ ಮೊಳವೇ ಬೇರೆ, ನನ್ನ ಮೊಳವೇ ಬೇರೆ,
ಕೊನೆಗೆ ಅನ್ನದ ಸೌಟಿನ ಕಾವು ಹಿಡಿದು ಅಳೆದು
ನೆಲಕ್ಕೆ ಸುಣ್ಣದ ಬಳೆ ಬರೆದೆವು.
ಕೋಣೆಗೆ ಹಿಡಿದದ್ದು ಒಂಬತ್ತೇ ಬಳೆ.
ಎರಡು ತರಗತಿ ಸೇರಿ ಮಕ್ಕಳು ಇಪ್ಪತ್ಮೂರು.
"ಉಳಿದೋರನ್ನ ಹೆಂಚಿನ ಮೇಲೆ ಕೂರಿಸ್ತೀರಾ ಅಕ್ಕೋರೆ?"
ಅಂದಳು ಗುತ್ಯಮ್ಮ. ನಗಲಿಲ್ಲ.
ಸೌಟಿಗೆ ಈ ವರ್ಷ ಅಷ್ಟೇ ಕೆಲಸ.

ಆಮೇಲೆ ಪತ್ರ ಹಿಡಿದು ಮನೆ ಮನೆ ತಿರುಗಿದೆ.
'ನನ್ನ ಮಗುವನ್ನು ಸ್ವಇಚ್ಛೆಯಿಂದ ಕಳಿಸುತ್ತಿದ್ದೇನೆ.
ಏನಾದರೂ ಆದಲ್ಲಿ ನಾನೇ ಹೊಣೆ.'
ಓದಲು ಬಾರದವರಿಗೆ ಓದಿ ಹೇಳುವುದು ನನ್ನ ಕೆಲಸ.
ಓದಿದೆ.
'ಹೊಣೆ' ಬಂದಾಗೆಲ್ಲ ದನಿ ತಾನಾಗಿ ತಗ್ಗಿತು.

ಶಾಹಿದಾ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ ಕೇಳಿದಳು:
"ಮನೇಲಿದ್ರೆ ಏನೂ ಆಗಲ್ಲ ಅಂತ
ಯಾರಾದ್ರೂ ಬರೆದು ಕೊಟ್ಟಿದ್ದಾರಾ ಟೀಚರ್?"
ಬಲದಿಂದ ಎಡಕ್ಕೆ ಸಹಿ ಹಾಕಿ
ಎರಡು ಮಾಸ್ಕು ಕೊಟ್ಟಳು, ಒಂದು ಮಗಳಿಗೆ, ಒಂದು ನನಗೆ,
ಒಂದೇ ಬಟ್ಟೆಯವು.

ಕೊನೇ ಮನೆ ದುಗ್ಗಜ್ಜಿಯದು.
ಲೋಹಿತ ಇರಲಿಲ್ಲ.
"ನಿಮ್ದೇ ಪಾಠ ಕೇಳಾಕೆ ಗುಡ್ಡ ಹತ್ಯಾನೆ."
ನೆಟ್‌ವರ್ಕು ಸಿಗುವುದು ಅಲ್ಲಿನ ಬೋಳು ಬಂಡೆಯ ಮೇಲಷ್ಟೇ.
ಅದೇ ಬಂಡೆಯ ಬುಡದಲ್ಲಿ ಹೋದ ತಿಂಗಳು
ಎರಡು ಮಂಗ ಸತ್ತು ಬಿದ್ದಿದ್ದವು.
ಸೊರಬದಿಂದ ಜೀಪು ಬಂದು, ಸುಟ್ಟು,
ಮನೆಗೊಂದು ಎಣ್ಣೆ ಬಾಟಲಿ ಹಂಚಿ,
ಉಣುಗು ಇದೆ, ಕಾಡಿಗೆ ಕಾಲಿಡಬೇಡಿ ಎಂದು
ಮೈಕಿನಲ್ಲಿ ಕೂಗಿ ಹೋಗಿತ್ತು.
ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ನಾನು ಕೂಗುತ್ತಿದ್ದೆ:
'ಎಲ್ಲರೂ ವಿಡಿಯೊ ನೋಡಿ. ನೋಡಿದವರು ಹೆಬ್ಬೆಟ್ಟು ಹಾಕಿ.'
ಲೋಹಿತನ ಹಳದಿ ಹೆಬ್ಬೆಟ್ಟು ಒಂದು ದಿನವೂ ತಪ್ಪಿರಲಿಲ್ಲ.
ಶಹಬ್ಬಾಸ್ ಎಂದು ಬರೆಯುತ್ತಿದ್ದೆ.

"ಅಲ್ಲಿ ಉಣುಗು, ಇಲ್ಲಿ ಕೊರೊನ.
ಎರಡರಾಗೆ ಯಾವ್ದು ಸಣ್ದು? ಓದಿದೋರು ಹೇಳಿ."
ಗೊತ್ತಿಲ್ಲ ಅಜ್ಜಿ, ಅಂದೆ.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ಮಕ್ಕಳ ಮನೆಯಂಗಳದಲ್ಲಿ ನಿಂತು ಹಾಗಂದದ್ದು ಅದೇ ಮೊದಲು.

ಅಜ್ಜಿ ಹೆಬ್ಬೆರಳನ್ನು ಶಾಯಿಗೆ ಒತ್ತಿ, ಕಾಗದಕ್ಕೆ ಒತ್ತಿ,
ಸೆರಗಿಗೆ ಒರೆಸಿಕೊಳ್ಳುತ್ತಾ ಕೇಳಿದಳು:
"ಇದ್ರಾಗೆ ನಿಮ್ದು ಎಲ್ಲೈತೆ?"

ನನ್ನದಕ್ಕೆ ಜಾಗ ಇರಲಿಲ್ಲ.
ಅಂಚಿನಲ್ಲಿ, ಅಡ್ಡಡ್ಡ, ಸಣ್ಣಗೆ ಬರೆದೆ.
ರಾತ್ರಿ ಉಳಿದ ಇಪ್ಪತ್ತೆರಡಕ್ಕೂ ಬರೆದೆ.
ಬಿಇಒ ಆಫೀಸಿನವರು ಇದೇನೆಂದು ಕೇಳಲಿ, ನೋಡೋಣ.

ಸೋಮವಾರ.
ಒಂಬತ್ತು ಮಕ್ಕಳು ಒಳಗೆ.
ಕುಂಟಾಬಿಲ್ಲೆ ಎಂದುಕೊಂಡು ಒಬ್ಬ
ಬಳೆಯಿಂದ ಬಳೆಗೆ ಹಾರಿ, ಬೈಸಿಕೊಂಡು, ಕೂತ.
ಇವತ್ತು ನಿಮ್ಮ ಸರದಿ ಅಲ್ಲ ಎಂದಿದ್ದರೂ
ಹದಿನಾಲ್ಕು ಮಕ್ಕಳು ಬ್ಯಾಗು ಹಾಕಿಕೊಂಡು
ಗೇಟಿನಾಚೆ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು.
ಅವರಿಗೆ ಗೈರು ಎಂದು ಬರೆಯಲು ಕೈ ಬರಲಿಲ್ಲ.
ಹಲಗೆ ಒರೆಸಿ ತಾರೀಖಷ್ಟೇ ಬರೆದೆ.

ಲೋಹಿತ ಬಂದ, ಒಂದು ಗೇಣು ಉದ್ದವಾಗಿದ್ದ.
ಹಣೆಗೆ ಗನ್ನು ಹಿಡಿದರೆ ಕಣ್ಣು ಮುಚ್ಚಿಕೊಂಡ.
ತೊಂಬತ್ತೇಳು. ಸರಿ.
ಆದರೂ ಹತ್ತಿರ ಎಳೆದು
ಕಿವಿಯ ಹಿಂದೆ, ಕುತ್ತಿಗೆಯ ಹಿಂದೆ, ಕಾಲರಿನ ಒಳಗೆ
ಉಣುಗು ಹುಡುಕಿದೆ.
ಅದು ಸುತ್ತೋಲೆಯಲ್ಲಿಲ್ಲ,
ಒಂದು ಸೌಟು ದೂರದಿಂದ ಅದು ಕಾಣುವುದೂ ಇಲ್ಲ.

"ಅಕ್ಕೋರೆ, ದೂರ"
ಅಂದ ಅವನು,
ಮಾಸ್ಕಿನೊಳಗಿಂದ, ಮೆಲ್ಲಗೆ.